ಬೀದರಿನ ಕೆಂಪು ದಿನ್ನೆಯಲ್ಲಿ ಟ್ರೇಲ್ ಓಟ: ಮೊದಲು ಇಳಿಯೋದು, ಆಮೇಲೆ ಹತ್ತೋದು

ಟ್ರೇಲ್ ರನ್ನಿಂಗ್ (ಡಾಂಬರು ಬಿಟ್ಟು ಮಣ್ಣು, ಕಲ್ಲಿನ ದಾರಿಯಲ್ಲಿ ಓಡೋದು) ಅಂತ ಫೋನಿನಲ್ಲಿ ಹುಡುಕಿದರೆ ಒಂದೇ ತರದ ಫೋಟೋ ಬರುತ್ತವೆ. ಹಸಿರು ಗುಡ್ಡ, ಸಾಲು ಸಾಲು ದ್ರಾಕ್ಷಿ ತೋಟ, ಹಿಂದೆ ಒಂದು ಮುರಿದ ಕೋಟೆ. ಫ್ರಾನ್ಸಿನ ಮೆಡೋಕ್‌ನಲ್ಲಂತೂ ದ್ರಾಕ್ಷಿ ತೋಟಗಳ ನಡುವೆ ನಡೆಯುವ ಮ್ಯಾರಥಾನ್‌ನಲ್ಲಿ ನೀರಿನ ಜೊತೆ ವೈನನ್ನೂ ಕೊಡುತ್ತಾರೆ. ನಮ್ಮಲ್ಲಿ ಆ ನಮೂನಿ ದ್ರಾಕ್ಷಿ ನೋಡಬೇಕಂದ್ರೆ ವಿಜಯಪುರದ ಕಡೆ ಹೋಗಬೇಕು. ಬೀದರಿನಲ್ಲಿ ಸಿಗೋದು ತೊಗರಿ, ಸೋಯಾ, ಕಬ್ಬು. ಆದರೆ ಮುರಿದ ಗುಮ್ಮಟಕ್ಕೆ, ಕೋಟೆಗೆ, ಇಳಿಜಾರಿಗೆ ನಮ್ಮಲ್ಲಿ ಬರ ಇಲ್ಲ. ವೈನಿನ ಬದಲು ಮಜ್ಜಿಗೆ ಸಿಗುತ್ತದೆ, ಅದೂ ಹೊಲದವರು ಕರೆದು ಕೊಟ್ಟರೆ.

ಐದು ವರ್ಷದಿಂದ ಈ ದಾರಿಗಳಲ್ಲಿ ಓಡುತ್ತಿದ್ದೇನೆ. ಎರಡು ಸಲ ಕಾಲು ಉಳುಕಿದೆ, ಒಂದು ಸಲ ಹೆಜ್ಜೇನು ಅಟ್ಟಿಸಿಕೊಂಡು ಬಂದಿದೆ, ನಾಯಿಗಳ ಲೆಕ್ಕ ಇಟ್ಟಿಲ್ಲ. ಹೊಸದಾಗಿ ಶುರು ಮಾಡುವವರು ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡೋದು ಬೇಡ ಅಂತ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು: ಇಲ್ಲಿಯ ಗುಡ್ಡ ಉಲ್ಟಾ

ಬೇರೆ ಊರಲ್ಲಿ ಗುಡ್ಡ ಅಂದರೆ ಊರು ಕೆಳಗಿರುತ್ತದೆ, ನೀವು ತಾಜಾ ಇದ್ದಾಗಲೇ ಹತ್ತುತ್ತೀರಿ, ಸುಸ್ತಾದಾಗ ಇಳಿಯುತ್ತೀರಿ. ಬೀದರಿನಲ್ಲಿ ಹಾಗಲ್ಲ. ಊರೇ ಮೇಲಿದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಿಂತ ಜಾಸ್ತಿ ಎತ್ತರದ ಕೆಂಪು ಕಲ್ಲಿನ ಮೇಜಿನಂಥ ಜಾಗ, ಅದರ ಅಂಚಿನಲ್ಲಿ ಕೋಟೆ, ಅಂಚಿನ ಕೆಳಗೆ ಹೊಲ. ಹಾಗಾಗಿ ಮನೆಯಿಂದ ಹೊರಟರೆ ಮೊದಲು ಸಿಗೋದು ಇಳಿಜಾರು. ಗಾಳಿ ತಂಪಾಗಿರುತ್ತದೆ, ಕಾಲು ತಾನೇ ಓಡುತ್ತದೆ, ನಾನೇನು ಕಮ್ಮಿ ಅನಿಸುತ್ತದೆ. ಏರು ಬರೋದು ಕೊನೆಗೆ. ಆ ಹೊತ್ತಿಗೆ ಬಿಸಿಲು ಏರಿರುತ್ತದೆ, ಬಾಟಲಿ ಖಾಲಿಯಾಗಿರುತ್ತದೆ, ತೊಡೆ ನಡುಗುತ್ತಿರುತ್ತದೆ.

ಮೊದಲ ಸಲ ಕೆಳಗಿನ ಅಷ್ಟೂರು ಹಳ್ಳಿಯ ಗುಮ್ಮಟದ ತನಕ ಹಾರಿಕೊಂಡು ಹೋದ ನಾನು ವಾಪಸ್ ಬರುವಾಗ ಒಂದು ಆಟೋ ನಿಲ್ಲಿಸಿ ಹತ್ತಿದೆ. ಜೇಬಲ್ಲಿ ದುಡ್ಡು ಇರಲಿಲ್ಲ. ಮನೆ ಮುಂದೆ ಇಳಿದು ಹೆಂಡತಿಯ ಹತ್ತಿರ ಇಪ್ಪತ್ತು ರೂಪಾಯಿ ಕೇಳಿದಾಗ ಆಕೆ ನೋಡಿದ ನೋಟ ಇನ್ನೂ ನೆನಪಿದೆ.

ಮುಂದೆ ಹೇಳುವ ಶೂ, ನೀರು, ಟೈಮು, ದಾರಿ ಎಲ್ಲದರ ಲೆಕ್ಕವೂ ಇದರ ಮೇಲೇ ನಿಂತಿದೆ. ಕೊನೆಯ ಏರಿಗೆ ಏನು ಉಳಿಸಿಕೊಂಡಿದ್ದೀರಿ ಅನ್ನೋದೇ ಬೀದರಿನ ಓಟ.

ಹೆಜ್ಜೆ 1: ಕಾಲ ಕೆಳಗಿನ ನೆಲ ಓದೋದು ಕಲಿಯಿರಿ

ಶೂ ಕೊಳ್ಳೋಕೆ ಮುಂಚೆ ಒಂದು ಭಾನುವಾರ ಸುಮ್ನೆ ನಡೆದು ಬನ್ನಿ. ಒಂದೇ ದಾರಿಯಲ್ಲಿ ಮೂರು ತರದ ನೆಲ ಸಿಗುತ್ತದೆ.

ಮೇಲೆ ಇರೋದು ಕೆಂಪು ಕಲ್ಲು, ಜಂಬಿಟ್ಟಿಗೆ. ಕೋಟೆಯ ಮೂರು ಸಾಲಿನ ಕಂದಕ ಕಡಿದಿರುವುದು ಇದೇ ಕಲ್ಲಿನಲ್ಲಿ. ತೂತು ತೂತಾಗಿ, ಜೇನುಗೂಡಿನ ಹಾಗೆ ಕಾಣುತ್ತದೆ. ಒಣಗಿದ್ದಾಗ ಇದರಷ್ಟು ಒಳ್ಳೆಯ ಹಿಡಿತ ಬೇರೆಲ್ಲೂ ಇಲ್ಲ, ಶೂ ಕಚ್ಚಿಕೊಂಡ ಹಾಗೆ ಇರುತ್ತದೆ. ಆದರೆ ಬಿದ್ದರೆ ಮೊಣಕಾಲಿನ ಚರ್ಮ ತುರಿಮಣೆಗೆ ಕೊಟ್ಟ ಹಾಗೆ.

ಅದು ಒಡೆದು ಪುಡಿಯಾದರೆ ಮುರುಮು. ಇಳಿಜಾರಿನಲ್ಲಿ ಜಾಸ್ತಿ ಇರುವುದು ಇದೇ. ಗಟ್ಟಿ ನೆಲದ ಮೇಲೆ ಬಟಾಣಿ ಗಾತ್ರದ ಸಣ್ಣ ಸಣ್ಣ ಹರಳು ಬಿದ್ದಿರುತ್ತವೆ. ಕಣದಲ್ಲಿ ಜೋಳದ ರಾಶಿ ಮಾಡಿದ ಮೇಲೆ ಬಂಡೆ ಮೇಲೆ ಚೆಲ್ಲಿದ ಕಾಳಿನ ಮೇಲೆ ಕಾಲಿಟ್ಟು ನೋಡಿದ್ದೀರಾ? ಅದೇ ತರ. ಹಿಮ್ಮಡಿ ಊರಿದಿರೋ, ಕಾಲು ಮುಂದಕ್ಕೆ, ನೀವು ಹಿಂದಕ್ಕೆ. ನನ್ನ ಎರಡೂ ಉಳುಕು ಈ ಮುರುಮಿನ ಕೊಡುಗೆ.

ಕೆಳಗೆ ಇಳಿದರೆ ಎರೆ ಹೊಲ. ಕಪ್ಪು ಮಣ್ಣು. ಮಳೆಗಾಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಒಂದೊಂದು ಶೂಗೂ ಒಂದು ಕೆಜಿ ಮಣ್ಣು ಮೆತ್ತಿಕೊಳ್ಳುತ್ತದೆ, ಆಮೇಲೆ ಅದು ಓಟ ಅಲ್ಲ, ಎತ್ತಿನ ಕೆಲಸ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಪಾದವೇ ಹೋಗುವಷ್ಟು ಅಗಲದ ಬಿರುಕು ಬಿಡುತ್ತದೆ. ಎರೆ ಹೊಲದ ಬದುವಿನ ಮೇಲೆ ಓಡುವ ಒಳ್ಳೆಯ ಕಾಲ ಅಂದರೆ ನವೆಂಬರಿನಿಂದ ಫೆಬ್ರವರಿ ತನಕ. ಮಣ್ಣು ಮೆತ್ತಗೂ ಇರುತ್ತದೆ, ಅಂಟೋದೂ ಇಲ್ಲ.

ಇನ್ನೊಂದು ವಿಷಯ. ಕೆಂಪು ಕಲ್ಲು ಮಳೆ ನೀರನ್ನು ಸ್ಪಂಜಿನ ತರ ಹೀರಿಕೊಳ್ಳುತ್ತದೆ. ಅದರ ಕೆಳಗಿನ ಕಪ್ಪು ಕಲ್ಲು ನೀರನ್ನು ಅಷ್ಟು ಸುಲಭವಾಗಿ ಕೆಳಗೆ ಇಳಿಯೋಕೆ ಬಿಡೋದಿಲ್ಲ. ಎರಡೂ ಸೇರುವ ಜಾಗದಲ್ಲಿ, ಅಂದರೆ ದಿನ್ನೆಯ ಅಂಚಿನಲ್ಲಿ, ನೀರು ಝರಿಯಾಗಿ ಹೊರಗೆ ಬರುತ್ತದೆ. ಗುರುನಾನಕ್ ಝೀರಾದ ನೀರು, ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು, ಪಾಪನಾಶದ ನೀರು, ಎಲ್ಲಾ ಈ ಊರಿಗೆ ಈ ಕಲ್ಲು ಕೊಟ್ಟಿದ್ದು. ಓಡುವವರಿಗೆ ಇದರ ಅರ್ಥ ಏನಪ್ಪಾ ಅಂದರೆ, ಮಳೆ ನಿಂತು ತಿಂಗಳಾದ ಮೇಲೂ ಅಂಚಿನ ಕೆಲವು ಕಲ್ಲು ಒದ್ದೆಯಾಗಿ ಪಾಚಿ ಕಟ್ಟಿರುತ್ತವೆ. ಮೇಲೆ ಒಣಗಿದ ದಾರಿ ನೋಡಿ ಕೆಳಗೂ ಹಾಗೇ ಇರುತ್ತೆ ಅಂತ ನಂಬಬೇಡಿ.

ಹೆಜ್ಜೆ 2: ಶೂ, ಬಟ್ಟೆ, ಚೀಲ

ಟ್ರೇಲ್ ಶೂ ಅಂತಲೇ ಮಾರುವ ಶೂ ತಗೊಂಡರೆ ಒಳ್ಳೆಯದು, ಆದರೆ ಮೊದಲ ಎರಡು ತಿಂಗಳಿಗೆ ಅದು ಬೇಕೇ ಬೇಕು ಅಂತ ಇಲ್ಲ. ಸೋಲ್ ಸವೆಯದ, ಹಿಮ್ಮಡಿ ಗಟ್ಟಿಯಾಗಿ ಹಿಡಿಯುವ ಸಾದಾ ರನ್ನಿಂಗ್ ಶೂ ಸಾಕು. ಕೊಳ್ಳುವಾಗ ನೋಡಬೇಕಾದ್ದು ಇಷ್ಟು: ಸೋಲಿನ ಹಲ್ಲು ಸುಮಾರು ನಾಲ್ಕು ಮಿಲಿಮೀಟರ್ ಇರಲಿ. ತೀರಾ ಉದ್ದ ಹಲ್ಲಿನದು ಕೆಸರಿಗೆ ಮಾಡಿದ್ದು, ನಮ್ಮ ಗಟ್ಟಿ ಕೆಂಪು ಕಲ್ಲಿನ ಮೇಲೆ ಬೇಗ ಸವೆಯುತ್ತದೆ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಹೆಬ್ಬೆರಳಿನಷ್ಟು ಅಗಲ ಜಾಗ ಉಳಿಯಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ನನ್ನದು ಆಗಿದೆ, ಬಿದ್ದೂ ಹೋಗಿದೆ.

ಸೋಲ್ ತೀರಾ ಮೆತ್ತಗಿನ ಶೂ ಬೇಡ. ಜಾಲಿ ಮುಳ್ಳು ಅದರೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ.

ಬಟ್ಟೆ ನಿಮ್ಮಿಷ್ಟ. ನಾನು ಮೊಣಕಾಲು ಮುಚ್ಚುವ ಟ್ರ್ಯಾಕ್ ಪ್ಯಾಂಟೇ ಹಾಕುತ್ತೇನೆ. ಹುಲ್ಲಿನಲ್ಲಿ ಗೀರುವುದು ತಪ್ಪುತ್ತದೆ, ಹಳ್ಳಿಯೊಳಗೆ ಓಡುವಾಗ ಯಾರಿಗೂ ಮುಜುಗರ ಆಗೋದಿಲ್ಲ, ದರ್ಗಾದ ಒಳಗೆ ಹೋಗಬೇಕು ಅನಿಸಿದರೆ ಹೋಗಬಹುದು. ತಲೆಗೆ ಟೋಪಿ. ಕೊರಳಿಗೆ ಒಂದು ತೆಳುವಾದ ಟವಲ್. ಈ ಟವಲ್ ಬೆವರಿಗೂ ಆಗುತ್ತದೆ, ಬಿಸಿಲಿಗೂ ಆಗುತ್ತದೆ, ಹೆಜ್ಜೇನು ಬಂದರೆ ಮುಖಕ್ಕೂ ಆಗುತ್ತದೆ, ಕಾಲು ಉಳುಕಿದರೆ ಕಟ್ಟೋದಕ್ಕೂ ಆಗುತ್ತದೆ. ಸಾವಿರಾರು ರೂಪಾಯಿಯ ಸಾಮಾನು ಬಿಡಿ, ಟವಲ್ ಬಿಡಬೇಡಿ.

ಚೀಲದಲ್ಲಿ: ಒಂದು ಲೀಟರ್ ನೀರು, ಫೋನು, ಐವತ್ತು ರೂಪಾಯಿ (ಆಟೋ ಕಥೆ ಆದಮೇಲೆ ಇದು ಖಾಯಂ), ಒಂದು ಚೀಟಿಯಲ್ಲಿ ಮನೆಯವರ ನಂಬರ್, ಎರಡು ಶೇಂಗಾ ಚಿಕ್ಕಿ. ಹತ್ತು ಕಿಲೋಮೀಟರ್ ಒಳಗಿನ ಓಟಕ್ಕೆ ಇದಕ್ಕಿಂತ ಜಾಸ್ತಿ ಏನೂ ಬೇಡ.

ಹೆಜ್ಜೆ 3: ಎಂಟು ವಾರ ತಯಾರಿ

ನೇರವಾಗಿ ಇಳಿಜಾರಿಗೆ ಹೋಗಬೇಡಿ. ಶ್ವಾಸಕೋಶ ಬೇಗ ಹೊಂದಿಕೊಳ್ಳುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ನಿಧಾನ. ಜನ ಬಿದ್ದು ಮನೆಯಲ್ಲಿ ಕೂರೋದು ಈ ಎರಡರ ನಡುವಿನ ಅಂತರದಲ್ಲಿ.

ಮೊದಲ ಎರಡು ವಾರ ಬರೀದ್ ಶಾಹಿ ಉದ್ಯಾನ ಸಾಕು. ಬೆಳಗಾದರೆ ಅರ್ಧ ಬೀದರ್ ಅಲ್ಲೇ ವಾಕಿಂಗ್ ಮಾಡುತ್ತಿರುತ್ತದೆ, ನಾಚಿಕೆ ಪಡಬೇಕಿಲ್ಲ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಆಗದಿದ್ದರೆ ಜೋರಾಗಿ ಓಡುತ್ತಿದ್ದೀರಿ ಅಂತ ಲೆಕ್ಕ, ನಿಧಾನ ಮಾಡಿ. ನಡುವೆ ಇರುವ ಅಲಿ ಬರೀದನ ಗೋರಿಯ ನಾಲ್ಕೂ ಕಡೆ ತೆರೆದ ಕಮಾನುಗಳ ನೆರಳಲ್ಲಿ ನಿಂತು ಒಂಟಿಕಾಲಿನ ವ್ಯಾಯಾಮ ಮಾಡಿ: ಒಂದು ಕಾಲಿನ ಮೇಲೆ ಮೂವತ್ತು ಸೆಕೆಂಡ್, ಆಮೇಲೆ ಕಣ್ಣು ಮುಚ್ಚಿಕೊಂಡು. ನಗಬೇಡಿ, ಕಣ್ಣು ಮುಚ್ಚಿದರೆ ಹತ್ತು ಸೆಕೆಂಡೂ ನಿಲ್ಲೋಕೆ ಆಗೋದಿಲ್ಲ. ಮುರುಮಿನ ಮೇಲೆ ಕಾಲಿನ ಗಂಟನ್ನು ಉಳಿಸೋದು ಇದೇ.

ಮೂರು, ನಾಲ್ಕನೇ ವಾರ ಒಂದು ದಿನ ಮಾತ್ರ ಇಳಿಜಾರಿಗೆ ಹೋಗಿ, ಆದರೆ ಓಡಬೇಡಿ. ನಡೆದು ಇಳಿಯಿರಿ, ಬಿರುಸಾಗಿ ನಡೆದು ಹತ್ತಿ. ಮನೆಯಲ್ಲಿ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಮೇಲೆ ಕೆಳಗೆ ಮಾಡೋದು, ದಿನಾ ಹದಿನೈದು ಸಲ, ಮೂರು ಸುತ್ತು. ಮೀನಖಂಡ ಗಟ್ಟಿಯಾಗಲಿ.

ಐದು, ಆರನೇ ವಾರ ಆ ಇಳಿಜಾರನ್ನೇ ಎರಡು ದಿನ ಮಾಡಿ. ಇಳಿಯುವಾಗ ಸಣ್ಣ ಓಟ, ಹತ್ತುವಾಗ ನಡಿಗೆ. ಮಾರನೇ ದಿನ ತೊಡೆಯ ಮುಂಭಾಗ ಹಿಡಿದುಕೊಂಡು ಕುರ್ಚಿಯಿಂದ ಏಳೋಕೆ ಕಷ್ಟ ಆಗುತ್ತದೆ. ಅದು ಇಳಿದದ್ದಕ್ಕೆ, ಹತ್ತಿದ್ದಕ್ಕಲ್ಲ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಅದಕ್ಕೇ ಅಷ್ಟು ನೋವು. ಎರಡು ದಿನ ಬಿಟ್ಟು ಮತ್ತೆ ಹೋದರೆ ಕಮ್ಮಿ ಇರುತ್ತದೆ.

ಏಳನೇ ವಾರ ಪೂರ್ತಿ ದಾರಿ, ನಡಿಗೆ ಬೆರೆಸಿ. ಎಂಟನೇ ವಾರ ಓಟ. ಮಧ್ಯೆ ಒಂದು ವಾರ ಮದುವೆ, ಜಾತ್ರೆ, ಜ್ವರ ಅಂತ ತಪ್ಪಿದರೆ ಹಿಂದಿನ ವಾರದಿಂದ ಮತ್ತೆ ಹಿಡಿಯಿರಿ, ಬಿಟ್ಟಿದ್ದನ್ನು ಒಂದೇ ಸಲ ಮುಗಿಸೋಕೆ ಹೋಗಬೇಡಿ. ಬಿಪಿ, ಸಕ್ಕರೆ, ಎದೆಯ ತೊಂದರೆ ಇದ್ದವರು, ನಲವತ್ತು ದಾಟಿ ಮೊದಲ ಸಲ ಓಡುವವರು ಡಾಕ್ಟರಿಗೆ ತೋರಿಸಿಕೊಂಡೇ ಶುರು ಮಾಡಿ.

ಹೆಜ್ಜೆ 4: ಹೊತ್ತು

ಬೀದರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಹೊಸದಲ್ಲ. ಏಪ್ರಿಲ್, ಮೇನಲ್ಲಿ ಐದೂಕಾಲಿಗೆ ಹೊರಟು ಏಳಕ್ಕೆ ಮನೆಯಲ್ಲಿ ಇರಬೇಕು. ಕೊನೆಗೆ ಏರು ಇದೆ ಅನ್ನೋದನ್ನ ಮರೀಬೇಡಿ, ಏಳೂವರೆಗೆ ಕೆಳಗಿದ್ದರೆ ಕೆಂಪು ಕಲ್ಲು ಕಾದು ಬೆನ್ನಿಗೂ ಮುಖಕ್ಕೂ ಎರಡೂ ಕಡೆಯಿಂದ ಸುಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟೋದೇ ಸುಮಾರು 6:45ಕ್ಕೆ. ಕತ್ತಲಲ್ಲಿ ಮುರುಮಿನ ಮೇಲೆ ಇಳಿಯಬೇಡಿ, ಬೆಳಕಾಗಲಿ. ಕೆಳಗಿನ ಹೊಲಗಳ ಮೇಲೆ ಮಂಜು ನಿಂತಿರುತ್ತದೆ, ಗುಮ್ಮಟಗಳ ತಲೆ ಮಾತ್ರ ಮೇಲೆ ಕಾಣುತ್ತದೆ. ಆ ದೃಶ್ಯಕ್ಕೆ ದ್ರಾಕ್ಷಿ ತೋಟ ಯಾಕೆ ಬೇಕು ಹೇಳಿ.

ಎಳ್ಳಮಾವಾಸ್ಯೆಯ ದಿನ ಮಾತ್ರ ಓಟದ ಆಸೆ ಬಿಡಿ. ಊರಿಗೆ ಊರೇ ಹೊಲದಲ್ಲಿರುತ್ತದೆ, ಚರಗ ಚೆಲ್ಲಿ ಬುತ್ತಿ ಬಿಚ್ಚಿರುತ್ತಾರೆ. ಎರಡು ವರ್ಷದ ಹಿಂದೆ ಲೆಕ್ಕ ಮರೆತು ಹೋದೆ. ಬದುವಿನ ಮೇಲೆ ಓಡುತ್ತಿದ್ದ ನನ್ನನ್ನು ನೋಡಿ ಒಬ್ಬ ಹಿರಿಯರು ಕೂಗಿದರು: "ಏ ತಮ್ಮಾ, ಯಾರರೆ ಬೆನ್ನ ಹತ್ಯಾರೇನು?" "ಇಲ್ಲ ಕಾಕಾ, ಸುಮ್ನೆ ಓಡ್ಲತ್ತೀನಿ" ಅಂದೆ. "ಸುಮ್ನ ಓಡೋದಿದ್ರ ಉಂಡು ಓಡು, ಬಾ." ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ. ಅದಾದ ಮೇಲೆ ಓಡೋ ಮಾತೇ ಇಲ್ಲ. ಅವರ ಟ್ರಾಕ್ಟರಿನ ಹಿಂದೆ ಕೂತು ಮೇಲೆ ಬಂದೆ.

ಹೆಜ್ಜೆ 5: ದಾರಿ

ಹೊಸಬರಿಗೆ ನಾನು ಹೇಳೋದು ಒಂದೇ ದಾರಿ, ಚೌಬಾರಾದಿಂದ ಅಷ್ಟೂರು. ಇದನ್ನು ಹತ್ತು ಸಲ ಮಾಡಿ ಆಮೇಲೆ ಬೇರೆ ಹುಡುಕಿ.

ಚೌಬಾರಾ ಹಳೇ ಊರಿನ ನಡುವಿನ ಗುಂಡಗಿನ ಬುರುಜು. ಅಲ್ಲಿ ಮೈ ಬಿಸಿ ಮಾಡಿಕೊಳ್ಳಿ, ಹಾಲಿನವರು, ಪೇಪರಿನವರು ಬಿಟ್ಟರೆ ಯಾರೂ ಇರೋದಿಲ್ಲ. ಅಲ್ಲಿಂದ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದ ಮುಂದೆ ಒಂದು ಸುತ್ತು ಹಾಕಿ ಬರಬಹುದು. 1472ರಲ್ಲಿ ಕಟ್ಟಿದ್ದು. ಉಳಿದಿರುವ ಒಂದು ಮಿನಾರಿನ ಮೇಲೆ ಹಸಿರು, ನೀಲಿ ಹೆಂಚಿನ ತುಂಡು ಇನ್ನೂ ಅಂಟಿಕೊಂಡಿವೆ, ಬೆಳಗಿನ ಬಿಸಿಲು ಬಿದ್ದಾಗ ಮಾತ್ರ ಸರಿಯಾಗಿ ಕಾಣುತ್ತವೆ.

ಆಮೇಲೆ ಪೂರ್ವಕ್ಕೆ, ಊರ ಹೊರಗೆ, ಅಷ್ಟೂರಿನ ರಸ್ತೆ. ಊರಿನಿಂದ ಅಷ್ಟೂರು ಮೂರು ಕಿಲೋಮೀಟರ್ ಚಿಲ್ಲರೆ. ಊರು ಮುಗಿದು ರಸ್ತೆ ಇಳಿಯೋಕೆ ಶುರುವಾದ ಕೂಡಲೇ ಎದುರಿಗೆ ಎಲ್ಲಾ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಎಲ್ಲರೂ ವೇಗ ಹೆಚ್ಚಿಸುತ್ತಾರೆ. ನೀವು ಕಮ್ಮಿ ಮಾಡಿ.

ದಾರಿಯಲ್ಲಿ ಸಿಗೋದು ಚೌಖಂಡಿ. ಸೂಫಿ ಸಂತ ಹಜರತ್ ಖಲೀಲುಲ್ಲಾ ಅವರ ಗೋರಿ, ಎಂಟು ಮೂಲೆಯ ಎರಡಂತಸ್ತಿನ ಕಟ್ಟಡ, ಸಣ್ಣ ದಿನ್ನೆಯ ಮೇಲೆ. ಮೆಟ್ಟಿಲು ಹತ್ತಿ ಹೋಗಬಹುದು. ಬಾಗಿಲ ಸುತ್ತ ಕಪ್ಪು ಕಲ್ಲಿನಲ್ಲಿ ಕೆತ್ತಿದ ಅಕ್ಷರ ನೋಡಿ. ಎಷ್ಟು ನುಣುಪು ಅಂದರೆ ಕಲ್ಲಿನ ಮೇಲೆ ಬರೆದದ್ದಲ್ಲ, ಎಣ್ಣೆ ಹರಿದು ಹೋದ ಗುರುತು ಅನಿಸುತ್ತದೆ. ಮುಟ್ಟಬೇಡಿ, ಬೆವರು ಕೈ.

ಅಲ್ಲಿಂದ ಅಷ್ಟೂರು. ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ಹೊಲದ ನಡುವೆ ನಿಂತಿವೆ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹ್ಮದ್ ಶಾಹನ ಗುಮ್ಮಟ ಇಲ್ಲೇ. ಆತ ತೀರಿಕೊಂಡಿದ್ದು 1436ರಲ್ಲಿ. ನಮ್ಮ ಜನ ಆತನನ್ನು ವಲಿ (ಸಂತ) ಅಂತಲೂ, ಅಲ್ಲಮಪ್ರಭು ಅಂತಲೂ ನಂಬಿ ನಡೆದುಕೊಳ್ಳುತ್ತಾರೆ, ಉರುಸಿಗೆ ಹಿಂದೂ ಮುಸ್ಲಿಂ ಇಬ್ಬರೂ ಬರುತ್ತಾರೆ. ಒಳಗೆ ಹೋಗೋದಾದರೆ ಶೂ ಬಿಡಿ, ತಲೆಗೆ ಟವಲ್ ಹಾಕಿ (ಹೇಳಿದೆನಲ್ಲ, ಟವಲ್), ಏದುಸಿರು ಇಳಿದ ಮೇಲೆ ಹೋಗಿ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಬಣ್ಣ ಮೆಲ್ಲಗೆ ಮೇಲೇಳುತ್ತದೆ. ಪಕ್ಕದಲ್ಲಿ ಹುಮಾಯೂನ್ ಶಾಹನ ಗುಮ್ಮಟ, ಸಿಡಿಲು ಬಡಿದು ಅರ್ಧ ಸೀಳಿದ್ದು. ಕಲ್ಲಂಗಡಿ ಕೊಯ್ದಿಟ್ಟ ಹಾಗೆ ಗುಮ್ಮಟದ ಒಳಗಿನ ದಪ್ಪ ಕಾಣುತ್ತದೆ. ನನಗೆ ಇಡೀ ಸಾಲಿನಲ್ಲಿ ಇದೇ ಇಷ್ಟ. ಕಟ್ಟಿದವರ ಲೆಕ್ಕಾಚಾರ ಗೊತ್ತಾಗೋದು ಮುರಿದ ಮೇಲೇ ಅಲ್ವಾ.

ಇಲ್ಲಿ ಹತ್ತು ನಿಮಿಷ ನಿಲ್ಲಿ. ಅರ್ಧ ನೀರು ಇನ್ನೂ ಬಾಟಲಿಯಲ್ಲಿರಬೇಕು. ಇಲ್ಲದಿದ್ದರೆ ಮುಂದೆ ಹೊಲದ ಕಡೆ ಹೋಗದೆ ಇಲ್ಲಿಂದಲೇ ಹಿಂತಿರುಗಿ. ಇದ್ದರೆ ಸುತ್ತಲಿನ ಬಂಡಿ ದಾರಿಗಳಲ್ಲಿ ಎರಡು ಕಿಲೋಮೀಟರ್ ಸುತ್ತಿ ಬನ್ನಿ. ಬಂಡಿ ದಾರಿ ಬಿಟ್ಟು ಬೆಳೆಯೊಳಗೆ ಕಾಲಿಡಬೇಡಿ, ಯಾವ ಹೊಲವೂ ಖಾಲಿ ಅಲ್ಲ, ಬಿತ್ತಿದ್ದು ನಮಗೆ ಕಾಣದೇ ಇರಬಹುದು.

ಎರಡನೇ ದಾರಿ ನೌಬಾದ್ ಕಡೆ. ಅಲ್ಲಿ ಸುರಂಗ ಬಾವಿ ಇದೆ, ಪರ್ಷಿಯಾದ ಕರೇಜ್ ಪದ್ಧತಿಯಲ್ಲಿ ನೆಲದೊಳಗೆ ಕೊರೆದ ನೀರಿನ ಕಾಲುವೆ, ಎರಡು ಕಿಲೋಮೀಟರಿಗಿಂತ ಉದ್ದ. ಅದರ ಮೇಲೆ ಅಲ್ಲಲ್ಲಿ ಗಾಳಿ ಬೆಳಕಿಗೆ ಬಾವಿಯಂಥ ಬಾಯಿಗಳಿವೆ. ನೋಡೋಕೆ ಅದ್ಭುತ, ಆದರೆ ಓಡುವವರಿಗೆ ಅಪಾಯ. ಹುಲ್ಲು ಬೆಳೆದಿದ್ದರೆ ಹಳೆಯ ಬಾವಿಯ ಬಾಯಿ ಹತ್ತಿರ ಹೋಗುವ ತನಕ ಕಾಣೋದಿಲ್ಲ. ಈ ಕಡೆ ತುಳಿದ ದಾರಿ ಬಿಡಬೇಡಿ, ಕತ್ತಲಲ್ಲಂತೂ ಬೇಡವೇ ಬೇಡ. ಇನ್ನು ಎಲ್ಲೇ ಓಡಿ, ವಾಯುನೆಲೆಯ ಗೋಡೆ ಸಿಕ್ಕರೆ ಫೋನು ಜೇಬಲ್ಲಿಡಿ, ಫೋಟೋ ಬೇಡ.

ಹೆಜ್ಜೆ 6: ಇಳಿಯೋ ಕಲೆ, ಹತ್ತೋ ಕಲೆ

ಇಳಿಯುವಾಗ ಹೆಜ್ಜೆ ಸಣ್ಣದು, ಬೇಗ ಬೇಗ. ಬಿಸಿ ಹೆಂಚಿನ ಮೇಲೆ ಕಾಲಿಟ್ಟವರ ಹಾಗೆ. ಹಿಮ್ಮಡಿ ಮೊದಲು ಊರಬೇಡಿ, ಪಾದದ ನಡುಭಾಗ ಊರಿ. ಮೊಣಕಾಲು ಸ್ವಲ್ಪ ಬಗ್ಗಿರಲಿ. ಹೆದರಿಕೆಯಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಆದರೆ ಜಾರೋದು ಆಗಲೇ. ತಲೆ, ಸೊಂಟ, ಪಾದ ಒಂದೇ ಗೆರೆಯಲ್ಲಿದ್ದು ಮೈ ಇಳಿಜಾರಿಗೆ ಸ್ವಲ್ಪ ಮುಂದಕ್ಕೆ ವಾಲಿರಲಿ. ಕೈ ಎರಡೂ ಅಗಲ, ಹುಂಜ ಓಡುವಾಗ ರೆಕ್ಕೆ ಬಿಚ್ಚಿದ ಹಾಗೆ. ಚಂದ ಕಾಣೋದಿಲ್ಲ, ಪರವಾಗಿಲ್ಲ.

ಕಣ್ಣು ಕಾಲ ಹತ್ತಿರ ಬೇಡ. ಮೂರು ನಾಲ್ಕು ಮೀಟರ್ ಮುಂದೆ ನೋಡಿ. ಎಲ್ಲಿ ಕಾಲಿಡಬೇಕು ಅನ್ನೋದನ್ನ ಮೊದಲೇ ಆರಿಸಿ, ಆಮೇಲೆ ಮತ್ತೆ ಕೆಳಗೆ ನೋಡಬೇಡಿ. ಗುಮ್ಮಟ ನೋಡಬೇಕು ಅನಿಸಿದರೆ ನಿಂತು ನೋಡಿ. ನನ್ನ ಎರಡನೇ ಉಳುಕು ಚೌಖಂಡಿಯ ಹತ್ತಿರ ಒಂದು ನವಿಲು ನೋಡುತ್ತಾ ಓಡಿದ್ದಕ್ಕೆ.

ಹತ್ತುವಾಗ ನಡೆಯೋದು ಸೋಲಲ್ಲ. ಪರ್ವತಗಳಲ್ಲಿ ಓಡುವ ದೊಡ್ಡ ದೊಡ್ಡ ಓಟಗಾರರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ. ಕೈಯನ್ನು ತೊಡೆಯ ಮೇಲೆ ಒತ್ತಿ, ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ, ಉದ್ದ ಉಸಿರು. ನಾನು ಹೆಜ್ಜೆ ಎಣಿಸುತ್ತೇನೆ: ಐವತ್ತು ಹೆಜ್ಜೆ ಸಣ್ಣ ಓಟ, ಐವತ್ತು ನಡಿಗೆ. ಊರಿನ ಮೊದಲ ಮನೆ ಕಾಣುವ ತನಕ ಲೆಕ್ಕ ತಪ್ಪಬಾರದು, ಲೆಕ್ಕ ತಪ್ಪಿದರೆ ಅಂದು ಬಿಸಿಲು ಜಾಸ್ತಿ ಹೊಡೆದಿದೆ ಅಂತ ತಿಳಿದುಕೊಂಡು ನೆರಳಿಗೆ ಕೂರುತ್ತೇನೆ.

ಹೆಜ್ಜೆ 7: ನೀರು, ಉಪ್ಪು, ಹೊಟ್ಟೆ

ಒಂದು ಗಂಟೆಯ ಒಳಗಿನ ಓಟಕ್ಕೆ ನೀರು ಸಾಕು. ಅದಕ್ಕಿಂತ ಜಾಸ್ತಿಯಾದರೆ ಅಥವಾ ಬೇಸಿಗೆಯಾದರೆ ಉಪ್ಪು ಸಕ್ಕರೆ ಬೇಕು. ಮೆಡಿಕಲ್ ಅಂಗಡಿಯ ಓಆರ್‌ಎಸ್ ಪುಡಿ ತಗೊಳ್ಳಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕಿ. ಅಂದಾಜಿನಲ್ಲಿ ಉಪ್ಪು ಸುರಿಯಬೇಡಿ. ಗಂಟೆಗೆ ಅರ್ಧ ಲೀಟರ್ ಆಸುಪಾಸು, ಗುಟುಕು ಗುಟುಕಾಗಿ. ಬಾಯಾರಿಕೆ ಇಲ್ಲದಿದ್ದರೂ ಲೀಟರ್‌ಗಟ್ಟಲೆ ಬರೀ ನೀರು ಕುಡಿಯೋದೂ ತಪ್ಪು, ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆ ತಿರುಗುತ್ತದೆ.

ನನ್ನ ಲೆಕ್ಕ ಇಷ್ಟೇ: ಇಳಿಯುವಾಗ ಮೂರರಲ್ಲಿ ಒಂದು ಪಾಲು, ಕೆಳಗೆ ಸುತ್ತುವಾಗ ಒಂದು ಪಾಲು, ಹತ್ತುವಾಗ ಒಂದು ಪಾಲು. ಚಿಕ್ಕಿ ಏರಿನ ಬುಡದಲ್ಲಿ. ಝರಿಯ ನೀರು, ಹಳೇ ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ, ತಲೆಗೆ ಬೇಕಾದರೆ ಹಾಕಿಕೊಳ್ಳಿ.

ಬೆವರು ನಿಂತು ಮೈ ಸುಡತೊಡಗಿದರೆ, ಮಾತು ತೊದಲಿದರೆ, ವಾಂತಿ ಬಂದಂತಾದರೆ ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ಬೆವರು ಇದ್ದರೂ ಮಾತು ತಪ್ಪಿದರೆ ಅದೇ ಲೆಕ್ಕ. ನೆರಳು, ಬಟ್ಟೆ ಸಡಿಲ, ತಲೆ, ಕುತ್ತಿಗೆ, ಕಂಕುಳಿಗೆ ನೀರು, 108ಕ್ಕೆ ಫೋನು. ಮನೆ ಇನ್ನೇನು ಒಂದು ಕಿಲೋಮೀಟರ್ ಅಂತ ಓಡಬೇಡಿ.

ಹೆಜ್ಜೆ 8: ನಾಯಿ, ಜೇನು, ಹಾವು

ನಾಯಿ ದಿನದ ಮಾತು. ದೂರದಿಂದ ಕಂಡ ಕೂಡಲೇ ಓಟ ನಿಲ್ಲಿಸಿ ನಡೆಯಿರಿ. ಓಡುವವರನ್ನು ಅಟ್ಟಿಸೋದು ಅವುಗಳ ಹುಟ್ಟುಗುಣ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಬೆನ್ನೂ ತೋರಿಸಬೇಡಿ. ಕಲ್ಲು ಎತ್ತೋಕೆ ಬಗ್ಗಿದರೆ ಎಷ್ಟೋ ಸಲ ಅದೇ ಸಾಕು, ಎಸೆಯೋದು ಬೇಕಾಗೋದಿಲ್ಲ. ಕಚ್ಚಿದರೆ, ಹಲ್ಲು ಸಣ್ಣಗೆ ತಾಗಿದರೂ, ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ತಗೊಳ್ಳಿ. ಅರಿಶಿನ, ಖಾರದ ಪುಡಿ ಹಚ್ಚೋ ಮಾತು ಯಾರು ಹೇಳಿದರೂ ಕೇಳಬೇಡಿ.

ಹೆಜ್ಜೇನು ಹಳೇ ಕಟ್ಟಡಗಳ ಕಮಾನಿನ ಕೆಳಗೆ, ಗುಮ್ಮಟದ ಅಂಚಿಗೆ ಕಟ್ಟಿರುತ್ತದೆ. ಒಳಗೆ ಹೋಗುವ ಮುಂಚೆ ತಲೆ ಎತ್ತಿ ನೋಡಿ. ಸೆಂಟ್ ಹಾಕಿಕೊಂಡು ಹೋಗಬೇಡಿ, ಕೂಗಬೇಡಿ, ಬೀಡಿ ಹಚ್ಚೋರ ಪಕ್ಕ ನಿಲ್ಲಬೇಡಿ. ಎದ್ದರೆ ಕೈ ಬೀಸದೆ, ಮುಖಕ್ಕೆ ಟವಲ್ ಸುತ್ತಿಕೊಂಡು, ನೇರ ದೂರ ಓಡಿ. ನನ್ನ ಜೀವನದ ಅತಿ ವೇಗದ ಅರ್ಧ ಕಿಲೋಮೀಟರ್ ಅದೇ, ವಾಚು ಹಾಕಿರಲಿಲ್ಲ ಅನ್ನೋದೊಂದೇ ಬೇಜಾರು.

ಹಾವು ನಾವು ಅಂದುಕೊಂಡಷ್ಟು ಕಾಣೋದಿಲ್ಲ, ಆದರೆ ಕಲ್ಲು ಗುಡ್ಡೆಯಲ್ಲಿ, ಒಣ ಹುಲ್ಲಿನಲ್ಲಿ ಇರುತ್ತವೆ. ಕೈ ಹಾಕುವ ಜಾಗ ನೋಡಿ ಹಾಕಿ, ಕೂರುವ ಕಲ್ಲು ನೋಡಿ ಕೂರಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ವಾಚು ತೆಗೆದು, ಕಾಲು ಅಲುಗಾಡಿಸದೆ, ಯಾರದಾದರೂ ಗಾಡಿಯಲ್ಲಿ ನೇರವಾಗಿ ಜಿಲ್ಲಾ ಆಸ್ಪತ್ರೆಗೆ. ಹಾವು ಹಿಡಿದು ತರೋ ಸಾಹಸ ಬೇಡ.

ಹೀಗಾಗಿ ಒಬ್ಬರೇ ಹೋಗಬೇಡಿ ಅನ್ನೋದು ನನ್ನ ಮಾತು. ಹೆಣ್ಣುಮಕ್ಕಳಿಗೆ ಅಂತ ಮಾತ್ರ ಅಲ್ಲ, ಎಲ್ಲರಿಗೂ. ಜೊತೆ ಸಿಗದ ದಿನ ದಾರಿ, ಹೊರಟ ಹೊತ್ತು, ಬರುವ ಹೊತ್ತು ಮನೆಯಲ್ಲಿ ಹೇಳಿ, ಫೋನಿನ ಲೊಕೇಶನ್ ಹಂಚಿಕೊಂಡು ಹೋಗಿ.

ಹಳೇ ಕಲ್ಲಿಗೆ ಸಂಬಂಧಪಟ್ಟಿದ್ದು

ಕೋಟೆ, ಅಷ್ಟೂರಿನ ಗುಮ್ಮಟಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಬಾಗಿಲು ತೆಗೆಯುವ ಮುಂಚೆ ಗೋಡೆ ಹಾರಿ ಹೋಗಬೇಡಿ. ಕೋಟೆಯ ಒಳಗೆ ಓಡೋದಕ್ಕಿಂತ ನಡೆಯೋದು ಚೆಂದ, ಅದಕ್ಕೊಂದು ಬೇರೆ ದಿನ ಇಡಿ. ಗೋಡೆ, ಬುರುಜಿನ ಮೇಲೆ ಹತ್ತಿ ವಿಡಿಯೋ ಮಾಡುವ ಹುಡುಗರಿಗೆ ಹೇಳೋದು: ಕೆಂಪು ಕಲ್ಲಿನ ನಡುವಿನ ಗಾರೆ ಸಡಿಲವಾಗಿರುತ್ತದೆ, ಕಲ್ಲು ನಿಮ್ಮ ಜೊತೆಗೇ ಕೆಳಗೆ ಬರುತ್ತದೆ. ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಅಂತ ಕಾನೂನೇ ಇದೆ. ಚಿಕ್ಕಿ ಕವರ್ ಜೇಬಿಗೆ.

ಮನೆಗೆ ಬಂದ ಮೇಲೆ

ಕೂಡಲೇ ಕೂರಬೇಡಿ, ಐದು ನಿಮಿಷ ಓಣಿಯಲ್ಲಿ ನಡೆಯಿರಿ. ಮೀನಖಂಡ, ತೊಡೆ ಮೆಲ್ಲಗೆ ಎಳೆಯಿರಿ. ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ. ನನಗೆ ಸುಸ್ಲಾ, ಮೇಲೆ ಪುಠಾಣಿ ಪುಡಿ, ಒಂದು ಲೋಟ ಮಜ್ಜಿಗೆ. ಜೊತೆಗೆ ಮಿರ್ಚಿ ಭಜಿ ಬೇಡ ಅಂತ ಬರೆಯಬೇಕು, ಆದರೆ ನಾನೇ ಬಿಟ್ಟಿಲ್ಲ.

ಉಳುಕಿದ್ದರೆ ಬಿಸಿ ಎಣ್ಣೆ ಹಚ್ಚಿ ತಿಕ್ಕೋದು ಬೇಡ. ಮೊದಲ ಎರಡು ದಿನ ಟವಲಿನಲ್ಲಿ ಸುತ್ತಿದ ಐಸು, ಕಾಲು ದಿಂಬಿನ ಮೇಲೆ. ನಾಲ್ಕು ಹೆಜ್ಜೆಯೂ ಊರೋಕೆ ಆಗದಿದ್ದರೆ ಎಕ್ಸ್‌ರೇ ತೆಗೆಸಿ.

ಕೊನೆಗೆ ಶೂ. ಒಣಗಿದ ಎರೆ ಮಣ್ಣನ್ನು ಕಡ್ಡಿಯಿಂದ ತೆಗೆಯಿರಿ, ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಿ. ಆಮೇಲೆ ಸೋಲನ್ನು ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿ. ಮುರಿದ ಜಾಲಿ ಮುಳ್ಳು ಹೊರಗೆ ಕಪ್ಪು ಚುಕ್ಕೆಯಷ್ಟೇ ಕಾಣುತ್ತದೆ, ಆದರೆ ದಿನಕ್ಕೆ ಸ್ವಲ್ಪ ಸ್ವಲ್ಪ ಒಳಗೆ ಸರಿದು ಮೂರನೇ ಓಟಕ್ಕೆ ಹಿಮ್ಮಡಿಗೆ ಚುಚ್ಚುತ್ತದೆ. ಸಣ್ಣ ಇಕ್ಕಳದಿಂದ ನೆಟ್ಟಗೆ ಎಳೆಯಿರಿ, ಅಲುಗಾಡಿಸಿದರೆ ಒಳಗೇ ಮುರಿಯುತ್ತದೆ. ಮೊನ್ನೆ ಭಾನುವಾರ ಅಷ್ಟೂರಿನಿಂದ ಬಂದ ಮೇಲೆ ನನ್ನ ಬಲಗಾಲಿನ ಶೂನಲ್ಲಿ ಮೂರು ಸಿಕ್ಕವು, ಎಡಗಾಲಿನದು ಇನ್ನೂ ನೋಡಿಲ್ಲ.